ತೂಬು ಎತ್ತದ ಕೆರೆಯ ಮೇಲೆ ನನ್ನ ಥೀಸಿಸ್

ನಾಲ್ಕನೇ ವರ್ಷದ ಶುರುವಿನಲ್ಲಿ ನನ್ನ ಥೀಸಿಸ್‌ನ ಪ್ರಶ್ನೆ ಹೀಗಿತ್ತು: ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ಬಂದ ಮೇಲೆ ಕೋಲಾರದ ಒಂದು ಕೆರೆಯ ಹರವು ಎಷ್ಟು ಹೆಚ್ಚಾಗಿದೆ? ಹತ್ತು ತಿಂಗಳಾದ ಮೇಲೆ ಬೈಂಡ್ ಮಾಡಿಸಿ ಕೊಟ್ಟಾಗ ಪ್ರಶ್ನೆ ಬೇರೆಯೇ ಆಗಿತ್ತು: ಕೆರೆ ತುಂಬಿದೆ, ಆದರೆ ಗದ್ದೆಗೆ ನೀರು ಬಿಡುವ ತೂಬು ಎತ್ತುವವರು ಯಾರು? ಒಂದು ಪ್ರಶ್ನೆ ಇನ್ನೊಂದಾಗಿದ್ದು ಹೇಗೆ ಅಂತ ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ. ಇಂಥ ಥೀಸಿಸ್‌ಗೆ ಕೈಹಾಕುವವರಿಗೆ ಇದರಿಂದ ಏನಾದರೂ ಸಿಕ್ಕರೆ ಸಂತೋಷ.

ಮೊದಲು ಸ್ವಲ್ಪ ಹಿನ್ನೆಲೆ. ಯುಜಿಸಿ 2022ರ ಕೊನೆಯಲ್ಲಿ ತಂದ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ 75 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ತೆಗೆದವರು ನಾಲ್ಕನೇ ವರ್ಷ ಸಂಶೋಧನೆ ಮಾಡಿ ಹಾನರ್ಸ್ ಪಡೆಯಬಹುದು. ಅದರಲ್ಲಿ ಥೀಸಿಸ್‌ಗೇ 12 ಕ್ರೆಡಿಟ್. ನನ್ನ ಗೆಳೆಯರೆಲ್ಲ ಒಂದೊಂದು ಡಿಪಾರ್ಟ್‌ಮೆಂಟ್ ಹಿಡಿದು ಕೂತರು. ನನಗೆ ಪರಿಸರ ವಿಜ್ಞಾನವೂ ಬೇಕಿತ್ತು, ಇತಿಹಾಸವೂ ಬೇಕಿತ್ತು. ಬೆಂಗಳೂರಿನ ನಮ್ಮ ಯೂನಿವರ್ಸಿಟಿಯಲ್ಲಿ ಟ್ರಾನ್ಸ್‌ಡಿಸಿಪ್ಲಿನರಿ ಅಂತ ಒಂದು ದಾರಿ ಇತ್ತು. ಇಬ್ಬರು ಗೈಡ್, ಒಬ್ಬರೇ ವಿದ್ಯಾರ್ಥಿ. ಅರ್ಜಿ ಹಾಕಿದೆ.

ಆ ಪದದ ಅರ್ಥ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಎರಡು ವಿಷಯ ಸೇರಿಸಿದರೆ ಆಯ್ತು ಅಂದುಕೊಂಡಿದ್ದೆ. ಅದು ಇಂಟರ್‌ಡಿಸಿಪ್ಲಿನರಿ. 1970ರಲ್ಲಿ ಫ್ರಾನ್ಸಿನ ನೀಸ್ ಊರಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಅವರು ಟ್ರಾನ್ಸ್ ಅನ್ನುವ ಮಾತು ಎತ್ತಿದಾಗ, ವಿಷಯಗಳ ನಡುವೆ ಗೋಡೆಯೇ ಇಲ್ಲದ ಹಂತ ಅಂತ ಹೇಳಿದ್ದರು. ಆಮೇಲೆ ಬಂದವರು ಅದಕ್ಕೆ ಇನ್ನೊಂದು ಸೇರಿಸಿದರು. ಸಮಸ್ಯೆಯ ಜೊತೆ ಬದುಕುವವರೂ ಪ್ರಶ್ನೆ ಕೇಳುವುದರಲ್ಲಿ ಪಾಲುದಾರರಾಗಬೇಕು. ಇದನ್ನು ನಾನು ಪ್ರಪೋಸಲ್‌ನಲ್ಲಿ ಚೆನ್ನಾಗಿಯೇ ಬರೆದಿದ್ದೆ. ಅರ್ಥ ಆಗಿದ್ದು ಮಾತ್ರ ಆರು ತಿಂಗಳ ಮೇಲೆ.

ಕೆ.ಸಿ. ವ್ಯಾಲಿ ಯೋಜನೆ ಕೋಲಾರದವರಿಗೆ ಹೇಳಿಕೊಡಬೇಕಿಲ್ಲ, ಬೇರೆಯವರಿಗಾಗಿ ಎರಡು ಮಾತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನುವುದು ಗುರಿ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ರೈತರ ಬೇಡಿಕೆ ಅವತ್ತಿನಿಂದ ನಿಂತಿಲ್ಲ. ಈ ನೀರು ನೇರವಾಗಿ ಗದ್ದೆಗೆ ಅಲ್ಲ, ನೆಲದಲ್ಲಿ ಇಂಗಿ ಅಂತರ್ಜಲ ಏರಲಿ ಅಂತ. ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೆನೋ. ಅದರೊಳಗೇ ನನ್ನ ಥೀಸಿಸ್ ಇತ್ತು, ನೋಡಿರಲಿಲ್ಲ.

ನರಸಾಪುರದ ಆಚೆ ಒಂದು ಊರು ಆರಿಸಿಕೊಂಡೆ. ಕೆ.ಆರ್. ಪುರದಲ್ಲಿ ಬಸ್ ಹತ್ತಿದರೆ ಹೊಸಕೋಟೆ ದಾಟಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕೆರೆ ಏರಿಯ ಮೇಲೆ ಇರುತ್ತಿದ್ದೆ. ಆದರೆ ಅಲ್ಲಿಗೆ ಹೋಗಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಜನರನ್ನು ಮಾತಾಡಿಸುವ ಯಾವ ಸಂಶೋಧನೆಗೂ ಅದು ಬೇಕೇ ಬೇಕು, ಇರಲೂಬೇಕು. ನನ್ನ ಅರ್ಜಿ ಎರಡು ಸಲ ವಾಪಸ್ ಬಂತು. ಐದು ವಾರ ಹೋಯಿತು. ಅಷ್ಟರಲ್ಲಿ ಮುಂಗಾರು ಮುಗಿಯುತ್ತಾ ಬಂದಿತ್ತು. ಕೆರೆಗೆ ಮಳೆ ನೀರು ಬರುವುದನ್ನು ಕಣ್ಣಾರೆ ನೋಡಬೇಕು ಅಂದುಕೊಂಡಿದ್ದು ಆಗಲಿಲ್ಲ. ಮೊದಲ ತಿಂಗಳಲ್ಲೇ ಕಮಿಟಿಗೆ ಅರ್ಜಿ ಹಾಕಿ, ಪ್ರಪೋಸಲ್ ಮುಗಿಯಲಿ ಅಂತ ಕಾಯಬೇಡಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಒಪ್ಪಿಗೆ ಪತ್ರ ಹಿಡಿದುಕೊಂಡು ಮೊದಲು ಹೋಗಿದ್ದು ಊರಿನ ಹಳೇ ನೀರುಗಂಟಿಯ ಮನೆಗೆ. ಎಂಬತ್ತರ ಆಸುಪಾಸಿನ ತಾತ. ಥೀಸಿಸ್‌ನಲ್ಲಿ ಅವರ ಹೆಸರಿದೆ, ಅವರೇ ಹಾಕು ಅಂದಿದ್ದಕ್ಕೆ. ಇಲ್ಲಿ ತಾತ ಅಂತಲೇ ಬರೆಯುತ್ತೇನೆ. ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವರು. ಊರಿನ ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯ, ಅಂದರೆ ಬೆಳೆಯಲ್ಲಿ ಒಂದು ಪಾಲು, ಕೊಡುತ್ತಿದ್ದರು, ಜೊತೆಗೆ ಸ್ವಲ್ಪ ಇನಾಂ ಜಮೀನು. ಈ ಕಡೆ ಹೆಚ್ಚಾಗಿ ದಲಿತ ಕುಟುಂಬಗಳೇ ತಲೆತಲಾಂತರದಿಂದ ಈ ಕೆಲಸ ಮಾಡಿಕೊಂಡು ಬಂದಿದ್ದು.

ನಾನು ಪತ್ರ ಓದಿ ಹೇಳಿದೆ. "ಸಂಶೋಧನೆಯಲ್ಲಿ ಸ್ವಇಚ್ಛೆಯಿಂದ ಭಾಗವಹಿಸಲು ಸಮ್ಮತಿಸುತ್ತೇನೆ" ಅಂತ ಶುರುವಾಗುತ್ತಿತ್ತು. ತಾತ ಕೊನೆವರೆಗೂ ಕೇಳಿದರು. ಆಮೇಲೆ ಪತ್ರವನ್ನು ಎರಡು ಬೆರಳಿನಲ್ಲಿ ಹಿಡಿದು ನನ್ನ ಕಡೆ ಜರುಗಿಸಿದರು.

"ಮಾತಾಡ್ತೀನಮ್ಮ, ಎಷ್ಟು ಬೇಕಾದ್ರೂ ಕೇಳು. ಹೆಬ್ಬೆಟ್ಟು ಮಾತ್ರ ಒತ್ತಲ್ಲ. ನಮ್ಮಪ್ಪ ಒತ್ತಿದ್ದ, ಜಮೀನು ಹೋಯ್ತು."

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಪತ್ರ ಬ್ಯಾಗಿನಲ್ಲಿ ಖಾಲಿಯಾಗಿಯೇ ಇತ್ತು. ಕಮಿಟಿಗೆ ಬರೆದೆ. ಸಾಕ್ಷಿಯ ಎದುರು ಬಾಯಲ್ಲೇ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಬಹುದು ಅಂದರು. ಈ ದಾರಿ ಮೊದಲಿಂದಲೂ ಇತ್ತಂತೆ, ನಾನು ಕೇಳಿರಲಿಲ್ಲ ಅಷ್ಟೇ. ಮುಂದಿನ ವಾರ ಪಕ್ಕದ ಮನೆಯ ಅಕ್ಕನನ್ನು ಕೂರಿಸಿಕೊಂಡು ಕೇಳಿದೆ. ಈ ಸಲ ಪತ್ರದ ಮಾತು ಬಿಟ್ಟೆ. "ತಾತ, ನೀವು ಹೇಳಿದ್ದು ನಾನು ಬರ್ಕೋತೀನಿ. ಬೇಡ ಅಂದ್ರೆ ಯಾವಾಗ ಬೇಕಾದ್ರೂ ಅಳಿಸ್ತೀನಿ. ಆಗ್ಬೋದಾ?" "ಆಗ್ಬೋದು" ಅಂದರು. ಎಂಟು ಸೆಕೆಂಡಿನ ರೆಕಾರ್ಡಿಂಗ್.

ಆದರೆ ಅವರ ಅಪ್ಪ ಒತ್ತಿದ ಹೆಬ್ಬೆಟ್ಟು ನನ್ನನ್ನು ಬಿಡಲಿಲ್ಲ. ಇತಿಹಾಸದ ಸರ್‌ಗೆ ಹೇಳಿದೆ. ಅವರು 1961ರ ಕಾಯ್ದೆ ಓದು ಅಂದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ ಕಾಯ್ದೆ ಅದು. ಹುದ್ದೆಗೆ ಅಂಟಿಕೊಂಡಿದ್ದ ಇನಾಂ ಜಮೀನು ಸರ್ಕಾರಕ್ಕೆ ಹೋಗಿ, ಹಿಡಿದಿದ್ದವರಿಗೇ ಮರುಮಂಜೂರಾಗುವ ವ್ಯವಸ್ಥೆ ಮಾಡಿತು. ಹುಟ್ಟಿನಿಂದ ಬರುವ ಚಾಕರಿ ಹೋಗಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಗೆ ಬಂದ ಜಮೀನು ಕೈಯಲ್ಲಿ ಉಳಿಯುವುದು ಬೇರೆ ಮಾತು. ತಾತನ ಅಪ್ಪ ಸಾಲಕ್ಕಾಗಿ ಹೆಬ್ಬೆಟ್ಟು ಒತ್ತಿದರು, ಮುಕ್ಕಾಲು ಎಕರೆ ಹೋಯಿತು. ಆಯ ಕೊಡುವುದೂ ಸ್ವಲ್ಪ ಸ್ವಲ್ಪವೇ ನಿಂತಿತು. ಬೋರ್‌ವೆಲ್ ಬಂದ ಮೇಲೆ ತೂಬಿನ ಕಡೆ ನೋಡುವವರೇ ಇಲ್ಲವಾದರು.

ಅದೇ ಕೆರೆಯಲ್ಲಿ ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿ ಪಕ್ಕ ಒಂದು ಶಾಸನದ ಕಲ್ಲಿದೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ತಂದಿದ್ದು 1905ರಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ. ಅದರ ಸಹಾಯದಿಂದ ಸರ್ ಅಕ್ಷರ ಅಕ್ಷರವಾಗಿ ಓದಿಸಿದರು. ಕೆರೆ ಕಟ್ಟಿಸಿದವರಿಗೆ ಬಿತ್ತುವಟ್ಟವಾಗಿ ಗದ್ದೆ ಬಿಟ್ಟ ವಿಷಯ. ಅಂದರೆ ಅವತ್ತಿನಿಂದಲೂ ಕೆರೆಗೆ ದುಡಿದವರಿಗೆ ಕೂಲಿ ಅಂದರೆ ಅದೇ ಕೆರೆಯ ಕೆಳಗಿನ ನೆಲ. ಕೆರೆ ಚೆನ್ನಾಗಿದ್ದರೆ ಅವರ ಗದ್ದೆಯೂ ಚೆನ್ನಾಗಿರುತ್ತೆ. ಕೆರೆಗೂ ನೋಡಿಕೊಳ್ಳುವವರಿಗೂ ನಡುವೆ ಇದ್ದ ಈ ಗಂಟು ಬಿಚ್ಚಿಹೋದ ಮೇಲೆ ನೀರು ವಾಪಸ್ ಬಂದಿದೆ. ನನ್ನ ಪ್ರಶ್ನೆ ಬದಲಾಗಲು ಶುರುವಾಗಿದ್ದು ಇಲ್ಲಿ.

ಇಬ್ಬರು ಗೈಡ್ ಇರುವುದು ವರ ಅಂತ ಎಲ್ಲರೂ ಹೇಳಿದ್ದರು. ಮೊದಲ ನಾಲ್ಕು ತಿಂಗಳು ನನಗೆ ಹಾಗೆ ಅನ್ನಿಸಲಿಲ್ಲ. ಪರಿಸರ ವಿಭಾಗದ ಮೇಡಂ ಶಾಸನದ ಪುಟದ ಮೇಲೆ "ಇದು ಇಲ್ಲಿ ಯಾಕೆ?" ಅಂತ ಬರೆಯುತ್ತಿದ್ದರು. ಸರ್ ಗ್ರಾಫ್‌ಗಳ ಪಕ್ಕ "ಇದರಿಂದ ಏನು ತಿಳಿಯಿತು?" ಅಂತ ಬರೆಯುತ್ತಿದ್ದರು. ಇಬ್ಬರೂ ಕೇಳಿದ್ದು ನ್ಯಾಯವೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಅಧ್ಯಾಯ ಅವರಿಗೆ, ಒಂದು ಇವರಿಗೆ ಅಂತ ಬರೆಯುತ್ತಿದ್ದೆ. ಆ ದಿನಗಳಲ್ಲೇ ಪೋರುಮಾಮಿಳ್ಳ ಶಾಸನ ಓದಿದ್ದು. ಕಡಪ ಜಿಲ್ಲೆಯದು, 1369ರದ್ದು, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಆರು ದೋಷ ಅಂತ ಪಟ್ಟಿ ಕೊಡುತ್ತದೆ. ಆರು ದೋಷಗಳಲ್ಲಿ ಒಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಓದಿ ಪುಸ್ತಕ ಮುಚ್ಚಿಟ್ಟೆ. ನನ್ನ ಥೀಸಿಸ್ ಇದ್ದಿದ್ದು ಅಲ್ಲೇ. ಎರಡೂ ಕಡೆಯವರು ನೀರು ಕೇಳುತ್ತಾರೆ, ಹೂಳು ತೆಗೆಯುವುದು ಯಾರು ಅಂತ ಗೊತ್ತಿಲ್ಲ.

ಜನವರಿಯಲ್ಲಿ ಒಂದು ಶನಿವಾರ ಇಬ್ಬರನ್ನೂ ಕೆರೆಗೆ ಕರೆದುಕೊಂಡು ಹೋದೆ. ಇಡೀ ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೊಂದೇ ಅಂತ ಈಗಲೂ ಅನ್ನಿಸುತ್ತೆ.

ಮೇಡಂ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತಂದಿದ್ದರು. ಏರಿಯಿಂದ ಇಳಿದು ನೀರಿಗೆ ಮೀಟರ್ ಅದ್ದುತ್ತಿದ್ದಾಗ ತಾತ ಕೋಲೂರಿಕೊಂಡು ಬಂದರು. ತೂಬಿನ ಎರಡು ಕಲ್ಲುಕಂಬ ನೀರಿನ ಮಧ್ಯೆ ನಿಂತಿದ್ದವು, ನಡುವೆ ಅಡ್ಡಗಲ್ಲುಗಳು. ಏರಿಯ ಒಳಮೈಗೆ ಹಾಸಿದ ಕಲ್ಲಿನ ಸಾಲುಗಳನ್ನು ತಾತ ಕೋಲಿನಿಂದ ತೋರಿಸಿದರು.

"ಆ ಕರೀ ಕಲ್ಲಿದೆಯಲ್ಲ, ಆ ಸಾಲು ಮುಳುಗಿದ್ರೆ ಎಲ್ಲಾರ್ಗೂ ಭತ್ತ. ಅದಕ್ಕಿಂತ ನಾಕು ಸಾಲು ಕೆಳಗಿದ್ರೆ ತೂಬಿನ ಹತ್ರದವ್ರಿಗೆ ಭತ್ತ, ಕೊನೆಯವ್ರಿಗೆ ರಾಗಿ. ಅದಕ್ಕೂ ಕೆಳಗೋಯ್ತು ಅಂದ್ರೆ ತೂಬು ಎತ್ತಂಗಿಲ್ಲ. ದನಕರಕ್ಕೆ ಬೇಕಲ್ಲ."

ಮೇಡಂ ಮೀಟರ್ ಜೇಬಿಗೆ ಹಾಕಿಕೊಂಡರು. "ಅಜ್ಜಾ, ಕರೀ ಕಲ್ಲಿಗೆ ನೀರು ಬಂದಿದ್ದು ಕೊನೇ ಸಲ ಯಾವಾಗ?" ಅಂತ ಕೇಳಿದರು. ಸರ್ ಪುಸ್ತಕ ತೆಗೆದು ಬರೆದುಕೊಳ್ಳಲು ಶುರು ಮಾಡಿದರು. ಒಂದೂವರೆ ಗಂಟೆ ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ತಾತ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳುತ್ತಾ ಹೋದರು. ಕೋಡಿಗೆ ಒಮ್ಮೆ ಕೋಡಿ ಅನ್ನುತ್ತಿದ್ದರು, ಒಮ್ಮೆ ಮರವ ಅನ್ನುತ್ತಿದ್ದರು. ವರ್ಷ ಕೇಳಿದರೆ ಇಸವಿ ಬರುತ್ತಿರಲಿಲ್ಲ. "ದೇವೇಗೌಡ್ರು ಪ್ರಧಾನಿ ಆದ ವರ್ಷ ಕೋಡಿ ಬಿತ್ತು." "ಚಿನ್ನದ ಗಣಿ ಮುಚ್ಚಿದ ವರ್ಷ ಒಣಗಿತ್ತು." ಒಂದು 1996, ಇನ್ನೊಂದು 2001. ನಾವು ಅಲ್ಲೇ ಏರಿಯ ಮೇಲೆ ಕೂತು ಅವರ ಮಾತಿಗೆ ಇಸವಿ ಹೊಂದಿಸಿದೆವು.

ವಾಪಸ್ ಬರುವಾಗ ಕಾರಿನಲ್ಲಿ ಮೇಡಂ ಹೇಳಿದರು, "ಅದು ಗೇಜ್ ಕಣ್ರೀ. ಕಲ್ಲಿನಲ್ಲಿ ಮಾಡಿದ ಗೇಜ್. ಅದನ್ನ ಅನುಬಂಧದಲ್ಲಿ ಹಾಕ್ತಿದೀರಲ್ಲ, ಯಾಕೆ? ವಿಧಾನದ ಅಧ್ಯಾಯಕ್ಕೆ ತನ್ನಿ." ಅವತ್ತಿನಿಂದ ಇಬ್ಬರ ಟಿಪ್ಪಣಿಗಳು ಒಂದೇ ಕಡೆ ಹರಿಯತೊಡಗಿದವು.

ತಾತ ಹೇಳಿದ ಏಳು ವರ್ಷಗಳನ್ನು ಉಪಗ್ರಹ ಚಿತ್ರಗಳ ಜೊತೆ ಇಟ್ಟು ನೋಡಿದೆ. ನೀರು ಹಸಿರು ಬೆಳಕನ್ನು ಸ್ವಲ್ಪ ವಾಪಸ್ ಕಳಿಸುತ್ತದೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ಡನ್ನು ಹೆಚ್ಚುಕಮ್ಮಿ ಪೂರಾ ನುಂಗುತ್ತದೆ. ಎರಡರ ವ್ಯತ್ಯಾಸದಿಂದ ಎಲ್ಲಿ ನೀರಿದೆ ಅಂತ ಗುರುತಿಸುವ ಸೂಚ್ಯಂಕಕ್ಕೆ ಎನ್‌ಡಿಡಬ್ಲ್ಯುಐ ಅಂತಾರೆ. 1984ರಿಂದ ಬಂದ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಒಂದು ಚೌಕ ಅಂದರೆ ನೆಲದ ಮೇಲೆ 30 ಮೀಟರ್. ಸಣ್ಣ ಕೆರೆಯ ಅಂಚು ಅದರಲ್ಲಿ ಕರಗಿಹೋಗುತ್ತದೆ. 2015ರಿಂದ ಸೆಂಟಿನೆಲ್-2 ಬಂದ ಮೇಲೆ 10 ಮೀಟರ್‌ಗೆ ಇಳಿಯಿತು. ಇದಕ್ಕೆಲ್ಲ ದುಡ್ಡು ಬೇಕಿಲ್ಲ, ಚಿತ್ರಗಳೂ ಪುಕ್ಕಟೆ, ಕ್ಯೂಜಿಐಎಸ್ ಅನ್ನುವ ತಂತ್ರಾಂಶವೂ ಪುಕ್ಕಟೆ. ಏಳರಲ್ಲಿ ಐದು ವರ್ಷ ತಾತನ ಮಾತಿಗೂ ಚಿತ್ರಕ್ಕೂ ತಾಳೆಯಾಯಿತು. ಒಂದು ವರ್ಷ ಮೋಡ ಮುಚ್ಚಿತ್ತು, ಏನೂ ಹೇಳುವಂತಿರಲಿಲ್ಲ. ಇನ್ನೊಂದರಲ್ಲಿ ತಾತ ಒಂದು ವರ್ಷ ಹಿಂದೆ ಮುಂದೆ ಮಾಡಿಕೊಂಡಿದ್ದರು ಅಂತ ಕಾಣುತ್ತೆ. ಹಾಗೇ ಬರೆದೆ.

ಫೆಬ್ರವರಿಯಲ್ಲಿ ತೊಡಕು ಬಂದಿದ್ದು ಬೇರೆ ಕಡೆಯಿಂದ. ಒಂದು ದಿನದ ಚಿತ್ರದಲ್ಲಿ ಕೆರೆಯ ಅರ್ಧಕ್ಕೂ ಜಾಸ್ತಿ ಭಾಗ ಒಣಗಿದೆ ಅಂತ ಬಂತು. ಆದರೆ ಅದೇ ವಾರ ನಾನು ಏರಿಯ ಮೇಲಿದ್ದೆ, ಕರೀ ಕಲ್ಲು ಮುಳುಗಿತ್ತು. ಫೋಟೋ ತೆಗೆದು ನೋಡಿದಾಗ ಅರ್ಥವಾಯಿತು. ನೀರಿನ ಮೇಲೆ ಅಂತರಗಂಗೆ ಹಬ್ಬಿತ್ತು. ಕೊಳಚೆಯಿಂದ ಬಂದ ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ, ಈ ಕಳೆಗೆ ಅದೇ ಗೊಬ್ಬರ. ಉಪಗ್ರಹಕ್ಕೆ ಕಂಡಿದ್ದು ಎಲೆ, ನೀರಲ್ಲ. ಕೋಲಾರದ ಬೆಟ್ಟದ ಮೇಲೆ ಕಲ್ಲಿನ ಬಸವನ ಬಾಯಿಂದ ಬರುವ ನೀರಿಗೂ ಅಂತರಗಂಗೆ ಅಂತಲೇ ಹೆಸರು. ಒಂದೇ ಹೆಸರು, ಅಲ್ಲಿ ಊರವರು ಕೈಮುಗಿಯುತ್ತಾರೆ, ಇಲ್ಲಿ ಮೀನು ಹಿಡಿಯುವವರು ಬಲೆ ಎಳೆಯಲಾಗದೆ ಒದ್ದಾಡುತ್ತಾರೆ. ಆ ದಿನದ ಚಿತ್ರವನ್ನು ತೆಗೆದುಹಾಕೋಣವಾ ಅಂತ ಮೊದಲು ಯೋಚಿಸಿದೆ. ಆಮೇಲೆ ಅದಕ್ಕೇ ಎರಡು ಪುಟ ಕೊಟ್ಟೆ. ಬರೀ ಚಿತ್ರ ನಂಬಿ ಕೂತಿದ್ದರೆ ತುಂಬಿದ ಕೆರೆಯನ್ನು ಒಣಗಿದೆ ಅಂತ ಬರೆದುಬಿಡುತ್ತಿದ್ದೆ.

ಇನ್ನೊಂದು ತೊಡಕಿಗೆ ಪೂರ್ತಿ ಪರಿಹಾರ ಸಿಗಲಿಲ್ಲ. 2021ರ ನವೆಂಬರ್‌ನಲ್ಲಿ ಕೋಲಾರದಲ್ಲಿ ಜೋರು ಮಳೆಯಾಗಿ ಎಷ್ಟೋ ಕೆರೆ ಕೋಡಿ ಬಿದ್ದವು. ಊರೂರಲ್ಲಿ ಗಂಗಮ್ಮನ ಪೂಜೆ ಆಯಿತು. ಹಾಗಾದರೆ ಬಾವಿಯಲ್ಲಿ ನೀರು ಏರಿದ್ದು ಪೈಪಿನ ನೀರಿಂದಲೋ, ಮಳೆಯಿಂದಲೋ? ಒಂದು ಕೆರೆ, ಒಂದು ವರ್ಷದ ಓಡಾಟ ಇಟ್ಟುಕೊಂಡು ಇಷ್ಟು ಪಾಲು ಅದರದ್ದು, ಇಷ್ಟು ಇದರದ್ದು ಅಂತ ಹೇಳುವಂತಿಲ್ಲ. ಹೇಳಲಿಲ್ಲ.

ಹೇಳಲು ಸಾಧ್ಯವಾಗಿದ್ದು ಇಷ್ಟು. ಆ ಊರಲ್ಲಿ ಎಲ್ಲರೂ ನೀರು ಬಂದಿದ್ದಕ್ಕೆ ಖುಷಿಯಾಗಿದ್ದಾರೆ. ದನಕ್ಕೆ ನೀರಿದೆ, ಬತ್ತಿದ್ದ ಬೋರ್‌ಗಳು ಮತ್ತೆ ಎತ್ತುತ್ತಿವೆ. ಅದನ್ನು ಕಮ್ಮಿ ಮಾಡಿ ಬರೆಯುವುದು ಅನ್ಯಾಯ. ಆದರೆ ತೂಬು ಎತ್ತುವಂತಿಲ್ಲ. ನೀರು ಇಂಗಬೇಕು, ಹರಿಯಬಾರದು. ಇಂಗಿದ ನೀರು ಬೋರ್ ಇದ್ದವರಿಗೆ ಸಿಗುತ್ತದೆ, ಮೋಟಾರ್ ದೊಡ್ಡದಿದ್ದಷ್ಟು ಜಾಸ್ತಿ ಸಿಗುತ್ತದೆ. ಮೊದಲು ಕರೀ ಕಲ್ಲು ನೋಡಿ ಕೊನೆಯ ಗದ್ದೆಯವರಿಗೆ ಏನು ಅಂತ ಊರೆದುರು ತೀರ್ಮಾನವಾಗುತ್ತಿತ್ತು. ಆ ತೀರ್ಮಾನದಲ್ಲೂ ಜಾತಿ, ಜಬರದಸ್ತು ಎಲ್ಲ ಇತ್ತು, ತಾತನೇ ಹೇಳಿದ್ದಾರೆ. ಆದರೂ ಅದು ಕಣ್ಣಿಗೆ ಕಾಣುವ ತೀರ್ಮಾನ, ಜಗಳವಾಡಲು ಒಂದು ಜಾಗ ಇತ್ತು. ನೆಲದೊಳಗಿನ ನೀರಿಗೆ ಅಂಥ ಜಾಗ ಇಲ್ಲ. ಥೀಸಿಸ್‌ನ ನಾಲ್ಕನೇ ಅಧ್ಯಾಯ ಇಷ್ಟೇ. ಬರೆಯಲು ಏಳು ವಾರ ಹಿಡಿಯಿತು.

ಬರವಣಿಗೆಯ ಬಗ್ಗೆ ಜಾಸ್ತಿ ಹೇಳಲ್ಲ. ನಲವತ್ತು ಗಂಟೆಯ ರೆಕಾರ್ಡಿಂಗ್ ಇತ್ತು. ತೆಲುಗಿನ ಭಾಗಗಳನ್ನು ಮುಳಬಾಗಿಲಿನ ಹಾಸ್ಟೆಲ್ ಗೆಳತಿ ಕೂತು ಬಿಡಿಸಿಕೊಟ್ಟಳು. ಥೀಸಿಸ್ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಈ ಮಾತುಗಳನ್ನು ಹಾಗೇ ಉಳಿಸಿಕೊಂಡೆ, ಇದಕ್ಕೆ ಮೇಡಂ ಮತ್ತು ಸರ್ ಇಬ್ಬರೂ ಒಪ್ಪಿದರು. ಸಂದರ್ಶನ ಮಾಡಿದ ದಿನವೇ ರಾತ್ರಿ ಕೂತು ಬರೆದಿಟ್ಟುಕೊಂಡವು ಮಾತ್ರ ಕೊನೆಗೆ ಕೆಲಸಕ್ಕೆ ಬಂದವು. ಆಮೇಲೆ ಬರೆಯೋಣ ಅಂತ ಬಿಟ್ಟವುಗಳಲ್ಲಿ ಯಾರು ಯಾವಾಗ ನಕ್ಕರು, ಯಾವಾಗ ಸುಮ್ನಾದರು ಅನ್ನುವುದೇ ಮರೆತುಹೋಗಿತ್ತು.

ವೈವಾದಲ್ಲಿ ಹೊರಗಿಂದ ಬಂದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, "ಆ ಹಿರಿಯರ ನೆನಪನ್ನ ಹೇಗೆ ನಂಬಿದ್ರಿ?" ಏಳು ವರ್ಷದ ಪಟ್ಟಿ ತೋರಿಸಿದೆ. ಅಂತರಗಂಗೆ ಹಬ್ಬಿದ ದಿನದ ಚಿತ್ರವನ್ನೂ ತೋರಿಸಿದೆ. ಅವರ ಮಾತನ್ನು ಚಿತ್ರದಿಂದ, ಚಿತ್ರವನ್ನು ಅವರ ಕಲ್ಲಿನಿಂದ ಪರೀಕ್ಷೆ ಮಾಡಿದ್ದೇನೆ, ಎರಡೂ ಒಂದೊಂದು ಕಡೆ ತಪ್ಪಿವೆ ಅಂದೆ. ಅವರು ಸ್ವಲ್ಪ ಹೊತ್ತು ಪುಟ ತಿರುಗಿಸಿ, ಮುಂದಿನ ಪ್ರಶ್ನೆಗೆ ಹೋದರು. ನಲವತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದಾಗ ಕೈ ನಡುಗುತ್ತಿತ್ತು.

ಜೂನ್‌ನಲ್ಲಿ ಊರಿಗೆ ಹೋದೆ. ಥೀಸಿಸ್‌ನ ಪ್ರತಿ ತೆಗೆದುಕೊಂಡು ಹೋಗಿದ್ದೆ, ಯಾರಿಗೂ ಅದು ಬೇಕಿರಲಿಲ್ಲ. ಅವರು ಮೊದಲೇ ಕೇಳಿದ್ದು ನಕ್ಷೆ. ಕೆರೆ, ಅದಕ್ಕೆ ನೀರು ತರುವ ರಾಜಕಾಲುವೆಗಳು, ಪಕ್ಕದ ಸರ್ವೆ ನಂಬರ್‌ಗಳು ಎಲ್ಲ ಇರುವ ದೊಡ್ಡ ನಕ್ಷೆ, ಕನ್ನಡದಲ್ಲಿ. ಕೋಲಾರದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದೆ. ಅರಳಿಕಟ್ಟೆಯ ಮೇಲೆ ಹಾಸಿದೆ. ಹತ್ತು ಹದಿನೈದು ಜನ ಬಗ್ಗಿ ನೋಡಿದರು, ಯಾರಿಗೂ ಊರು ಸಿಗಲಿಲ್ಲ. ತಾತ ಕೋಲು ಪಕ್ಕಕ್ಕಿಟ್ಟು ಹತ್ತಿರ ಬಂದರು.

"ಏರಿ ಯಾವುದಮ್ಮ?"

ಮೇಲಿನ ಅಂಚಿನ ದಪ್ಪ ಗೆರೆ ತೋರಿಸಿದೆ. ಆ ಊರಲ್ಲಿ ಏರಿ ಉತ್ತರಕ್ಕಿದೆ. ತಾತ ನಕ್ಷೆಯ ಎರಡು ಮೂಲೆ ಹಿಡಿದು, ಏರಿ ತಮ್ಮ ಕಡೆ ಬರುವಂತೆ ಪೂರ್ತಿ ತಿರುಗಿಸಿದರು. ಏರಿಯ ಮೇಲೆ ನಿಂತು ನೀರಿನ ಕಡೆ ನೋಡಿದರೆ ಹೇಗೆ ಕಾಣುತ್ತೋ ಹಾಗೆ. ಅಕ್ಷರಗಳೆಲ್ಲ ತಲೆಕೆಳಗಾದವು. ಜನ ಸುತ್ತಿಕೊಂಡು ಬಂದು ಅವರ ಹಿಂದೆ ನಿಂತರು. "ಇದು ಕೋಡಿ, ಇದು ನಮ್ಮ ಮುನಿಯಪ್ಪನ ಗುಡಿ, ಇಲ್ಲಿ ಕಾಲುವೆ ಮುಚ್ಚಿಹಾಕವ್ರೆ ನೋಡು" ಅಂತ ಬೆರಳಿಡಲು ಶುರು ಮಾಡಿದರು.